ಕೆವಿನ್ ವಿಕರ್ಸ್: ಸದನದ ಬಾಗಿಲು ಕಾಯ್ದ ಪೊಲೀಸ್ ಅಧಿಕಾರಿ

ಕೆವಿನ್ ವಿಕರ್ಸ್ ಎಂಬ ಹೆಸರು ಕೇಳಿದರೆ ಕೆನಡಾದ ಜನರಿಗೆ ಮೊದಲು ನೆನಪಾಗುವುದು 2014ರ ಅಕ್ಟೋಬರ್ 22ರ ಬೆಳಿಗ್ಗೆ. ಅಂದು ಒಟ್ಟಾವಾದ ಸಂಸತ್ ಭವನದೊಳಗೆ ಬಂದೂಕು ಹಿಡಿದು ನುಗ್ಗಿದವನನ್ನು ಎದುರಿಸಿ ಗುಂಡು ಹಾರಿಸಿದವರಲ್ಲಿ ಅವರೂ ಒಬ್ಬರು. ಆಗ ಅವರು ಕೆನಡಾದ ಹೌಸ್ ಆಫ್ ಕಾಮನ್ಸ್‌ನ, ಅಂದರೆ ನಮ್ಮ ಲೋಕಸಭೆಯಂಥ ಸದನದ, ಭದ್ರತೆಯ ಹೊಣೆ ಹೊತ್ತ ಸಾರ್ಜೆಂಟ್ ಅಟ್ ಆರ್ಮ್ಸ್ ಎಂಬ ಅಧಿಕಾರಿಯಾಗಿದ್ದರು. ಅದಕ್ಕೂ ಮೊದಲು 29 ವರ್ಷ ರಾಯಲ್ ಕೆನಡಿಯನ್ ಮೌಂಟೆಡ್ ಪೊಲೀಸ್ ಪಡೆಯಲ್ಲಿ ದುಡಿದಿದ್ದ ಅವರು, ಆ ಘಟನೆಯ ನಂತರ ಮೂರು ತಿಂಗಳು ತುಂಬುವ ಮೊದಲೇ ಐರ್ಲೆಂಡ್‌ಗೆ ಕೆನಡಾದ ರಾಯಭಾರಿಯಾಗಿ ನೇಮಕಗೊಂಡರು. ಠಾಣೆಯಿಂದ ಸಂಸತ್ತಿಗೆ, ಸಂಸತ್ತಿನಿಂದ ರಾಯಭಾರ ಕಚೇರಿಗೆ ನಡೆದ ಈ ದಾರಿಯಲ್ಲಿ ಜಗತ್ತಿಗೆ ಕಂಡದ್ದು ಮಾತ್ರ ನಡುವಿನ ಆ ಕೆಲವು ಕ್ಷಣಗಳು.

ನಾನು ಕರ್ನಾಟಕದ ಪೊಲೀಸ್ ಇಲಾಖೆಯಲ್ಲಿ ಸೇವೆ ಸಲ್ಲಿಸಿ ನಿವೃತ್ತನಾದವನು. ಅಧಿವೇಶನದ ದಿನಗಳಲ್ಲಿ ವಿಧಾನಸೌಧದ ಸುತ್ತ ಬಂದೋಬಸ್ತಿಗೆ ನಿಂತ ಅನುಭವ ನನಗಿದೆ. ಆದ್ದರಿಂದ ವಿಕರ್ಸ್ ಅವರ ಬಗ್ಗೆ ಓದುವಾಗಲೆಲ್ಲ ನನ್ನ ಗಮನ ಪಿಸ್ತೂಲಿನ ಮೇಲಲ್ಲದೆ, ಅದಕ್ಕೆ ಮೊದಲಿನ ವರ್ಷಗಳ ಮೇಲೆ ಹೋಗುತ್ತದೆ. ಪೊಲೀಸ್ ಅಧಿಕಾರಿಯೊಬ್ಬ ಗುಂಡು ಹಾರಿಸಬೇಕಾದ ಸಂದರ್ಭ ಇಡೀ ಸೇವಾವಧಿಯಲ್ಲಿ ಒಮ್ಮೆ ಬರಬಹುದು, ಬಹುತೇಕರಿಗೆ ಬರುವುದೇ ಇಲ್ಲ. ಆದರೆ ಯಾರನ್ನು ಒಳಗೆ ಬಿಡಬೇಕು, ಯಾರೊಂದಿಗೆ ಮಾತಾಡಬೇಕು, ಯಾವ ಕೂಗಿಗೆ ಸುಮ್ಮನಿರಬೇಕು ಎಂಬ ತೀರ್ಮಾನಗಳನ್ನು ಅವನು ದಿನವೂ ಮಾಡಬೇಕಾಗುತ್ತದೆ. ವಿಕರ್ಸ್ ಅವರನ್ನು ಆ ತೀರ್ಮಾನಗಳಿಂದ ಅಳೆಯಬೇಕೆಂಬುದು ನನ್ನ ಅಭಿಪ್ರಾಯ. ಹಾಗೆ ಅಳೆದಾಗ ಅವರು ಇನ್ನೂ ದೊಡ್ಡವರಾಗಿ ಕಾಣುತ್ತಾರೆ, ಒಂದು ಕಡೆ ಎಡವಿದವರಾಗಿಯೂ ಕಾಣುತ್ತಾರೆ.

ಅವರು ಹುಟ್ಟಿದ್ದು 1956ರಲ್ಲಿ, ಕೆನಡಾದ ಪೂರ್ವ ಕರಾವಳಿಯ ನ್ಯೂ ಬ್ರನ್ಸ್‌ವಿಕ್ ಪ್ರಾಂತ್ಯದ ಚಾಥಮ್ ಎಂಬ ಊರಿನಲ್ಲಿ. ಮಿರಮಿಶಿ ನದಿಯ ದಂಡೆಯ ಈ ಊರು ಈಗ ಮಿರಮಿಶಿ ನಗರದಲ್ಲಿ ಸೇರಿಹೋಗಿದೆ. ಮೀನುಗಾರಿಕೆ ಮತ್ತು ಮರದ ವ್ಯಾಪಾರದಿಂದ ಬೆಳೆದ ಆ ಸೀಮೆಯಲ್ಲಿ ಐರಿಷ್ ಮೂಲದ ಕುಟುಂಬಗಳು ಬಹಳ. 1847ರಲ್ಲಿ, ಐರ್ಲೆಂಡಿನ ಮಹಾಕ್ಷಾಮದ ಕಾಲದಲ್ಲಿ, ವಲಸಿಗರನ್ನು ಹೊತ್ತ ಲೂಷ್ಟಾಕ್ ಎಂಬ ಹಡಗು ಟೈಫಸ್ ಜ್ವರದಿಂದ ನಲುಗಿ ಮಿರಮಿಶಿಗೆ ಬಂದು ನಿಂತಾಗ, ಬದುಕುಳಿದವರನ್ನು ನದಿಯ ನಡುವಿನ ಮಿಡ್ಲ್ ಐಲ್ಯಾಂಡ್ ಎಂಬ ದ್ವೀಪದಲ್ಲಿ ಇಳಿಸಲಾಯಿತು. ಅವರ ಆರೈಕೆಗೆಂದು ಆ ದ್ವೀಪಕ್ಕೆ ಹೋದ ಯುವ ವೈದ್ಯ ಜಾನ್ ವಾಂಡಿ ತಾನೂ ಅದೇ ಜ್ವರಕ್ಕೆ ಬಲಿಯಾದ. ಆ ಊರಿನ ಜನ ಇಂದಿಗೂ ಈ ಕಥೆಯನ್ನು ಮರೆತಿಲ್ಲ. ಮುಂದೆ ವಿಕರ್ಸ್ ಡಬ್ಲಿನ್‌ಗೆ ಹೋದದ್ದು ತೀರಾ ಅಪರಿಚಿತ ದೇಶಕ್ಕೆ ಹೋದಂತಲ್ಲ ಎಂಬುದಕ್ಕಾಗಿ ಇದನ್ನು ಇಲ್ಲಿ ಹೇಳಿದೆ.

1976ರಲ್ಲಿ ಅವರು ಮೌಂಟೆಡ್ ಪೊಲೀಸ್ ಸೇರಿದರು. ಕೆಂಪು ಕೋಟು, ಅಗಲ ಅಂಚಿನ ಟೋಪಿ ಮತ್ತು ಕುದುರೆಯ ಚಿತ್ರಗಳಿಂದ ನಾವು ಬಲ್ಲ ಈ ಪಡೆ ವಾಸ್ತವದಲ್ಲಿ ಕೆನಡಾದ ಕೇಂದ್ರ ಪೊಲೀಸ್ ಪಡೆ. ಜೊತೆಗೆ, ಒಪ್ಪಂದದ ಮೇರೆಗೆ, ಅನೇಕ ಪ್ರಾಂತ್ಯಗಳಲ್ಲಿ ಹಳ್ಳಿ ಪಟ್ಟಣಗಳ ದಿನನಿತ್ಯದ ಪೊಲೀಸ್ ಕೆಲಸವನ್ನೂ ಅದೇ ಮಾಡುತ್ತದೆ. ನಮ್ಮಲ್ಲಿ ಸಿಆರ್‌ಪಿಎಫ್ ಬೇರೆ, ಊರಿನ ಠಾಣೆ ಬೇರೆ. ಅಲ್ಲಿ ಒಬ್ಬನೇ ಅಧಿಕಾರಿ ತನ್ನ ಸೇವೆಯಲ್ಲಿ ಗಣ್ಯರ ರಕ್ಷಣೆಯನ್ನೂ, ಕೊಲೆಯ ತನಿಖೆಯನ್ನೂ, ಊರ ಜಗಳವನ್ನೂ ನೋಡುತ್ತಾನೆ. ವಿಕರ್ಸ್ ರಾಜಮನೆತನದವರ ಭೇಟಿಗಳ ಭದ್ರತೆಯನ್ನೂ ವಹಿಸಿಕೊಂಡವರು. ಆದರೆ ಅವರ ಪೊಲೀಸ್ ಜೀವನದಲ್ಲಿ ನನಗೆ ಎಲ್ಲಕ್ಕಿಂತ ಮುಖ್ಯವಾಗಿ ಕಾಣುವುದು ಬರ್ನ್ಟ್ ಚರ್ಚ್‌ನ ಪ್ರಕರಣ.

ಅದನ್ನು ಸ್ವಲ್ಪ ವಿವರಿಸಬೇಕು. 1999ರ ಸೆಪ್ಟೆಂಬರ್ 17ರಂದು ಕೆನಡಾದ ಸುಪ್ರೀಂ ಕೋರ್ಟ್, ಡೊನಾಲ್ಡ್ ಮಾರ್ಷಲ್ ಎಂಬ ಮಿಗ್‌ಮಾ ಸಮುದಾಯದ ವ್ಯಕ್ತಿಯ ಪ್ರಕರಣದಲ್ಲಿ, 1760 ಮತ್ತು 1761ರಲ್ಲಿ ಬ್ರಿಟಿಷ್ ದೊರೆತನದೊಂದಿಗೆ ಆದ ಒಪ್ಪಂದಗಳ ಪ್ರಕಾರ ಆ ಮೂಲನಿವಾಸಿಗಳಿಗೆ ಮಿತವಾದ ಜೀವನೋಪಾಯಕ್ಕೆ ಬೇಕಾದಷ್ಟು ಮೀನು ಹಿಡಿದು ಮಾರುವ ಹಕ್ಕು ಇದೆಯೆಂದು ತೀರ್ಪು ನೀಡಿತು. ಮಿರಮಿಶಿ ಕೊಲ್ಲಿಯ ದಂಡೆಯಲ್ಲಿರುವ ಬರ್ನ್ಟ್ ಚರ್ಚ್‌ನ ಮಿಗ್‌ಮಾ ಜನ ಕೂಡಲೇ ಸಮುದ್ರಕ್ಕೆ, ದೊಡ್ಡ ಸಿಗಡಿಯಂಥ ಲಾಬ್‌ಸ್ಟರ್ ಹಿಡಿಯುವ ಬೋನುಗಳನ್ನು ಇಳಿಸಿದರು. ಅದು ಸರ್ಕಾರ ಇತರ ಮೀನುಗಾರರಿಗೆ ನಿಷೇಧಿಸಿದ್ದ ಋತು. ಲಾಬ್‌ಸ್ಟರ್ ಸಂತತಿ ನಾಶವಾಗಿ ತಮ್ಮ ಅನ್ನಕ್ಕೆ ಕಲ್ಲು ಬೀಳುತ್ತದೆಂದು ಭಯಪಟ್ಟ ಇತರ ಮೀನುಗಾರರು ಅಕ್ಟೋಬರ್ 3ರಂದು ಸುಮಾರು 150 ದೋಣಿಗಳಲ್ಲಿ ಹೋಗಿ ಆ ಬೋನುಗಳನ್ನು ಧ್ವಂಸ ಮಾಡಿದರು. ಮರುವರ್ಷ ಬೇಸಿಗೆಯಲ್ಲಿ ಕೇಂದ್ರ ಮೀನುಗಾರಿಕೆ ಇಲಾಖೆಯ ದೊಡ್ಡ ದೋಣಿಗಳು ಮಿಗ್‌ಮಾ ಜನರ ಸಣ್ಣ ದೋಣಿಗಳಿಗೆ ಡಿಕ್ಕಿ ಹೊಡೆದ ದೃಶ್ಯಗಳನ್ನು ದೇಶವೆಲ್ಲ ಟಿವಿಯಲ್ಲಿ ಕಂಡಿತು. ನೆಲೆಯಾದ ಒಪ್ಪಂದವೊಂದು ಆಗುವಷ್ಟರಲ್ಲಿ 2002 ಬಂದಿತ್ತು.

ಎರಡೂ ಕಡೆಯವರು ಒಂದೇ ನೀರನ್ನು ನಂಬಿದವರು, ಇಬ್ಬರ ಸಿಟ್ಟಿಗೂ ಕಾರಣವಿತ್ತು, ಸುಪ್ರೀಂ ಕೋರ್ಟಿನ ತೀರ್ಪು ಒಂದು ಕಡೆ ಹೇಳುತ್ತಿದ್ದರೆ ಇಲಾಖೆಯ ನಿಯಮ ಇನ್ನೊಂದು ಕಡೆ ಎಳೆಯುತ್ತಿತ್ತು. ಇಂಥ ಹೊತ್ತಿನಲ್ಲಿ ಪೊಲೀಸರ ಸ್ಥಿತಿ ಏನಾಗುತ್ತದೆಂಬುದು ನೀರಿನ ವಿಚಾರಕ್ಕೆ ರಸ್ತೆಗಿಳಿದ ಜನರ ಮುಂದೆ ನಿಂತ ನಮ್ಮ ಇಲಾಖೆಯವರಿಗೆ ಹೇಳಬೇಕಾಗಿಲ್ಲ. ತನ್ನದೇ ಸೀಮೆಯ ಈ ಬಿಕ್ಕಟ್ಟಿನಲ್ಲಿ ಮಾತುಕತೆಯ ಮೂಲಕ ಉದ್ವಿಗ್ನತೆ ತಗ್ಗಿಸಲು ಶ್ರಮಿಸಿದ ಪೊಲೀಸ್ ಅಧಿಕಾರಿಗಳಲ್ಲಿ ವಿಕರ್ಸ್ ಒಬ್ಬರು. ಹೀಗೆ ಶ್ರಮಿಸಿದವನಿಗೆ ಪದಕ ಬರುವುದು ಕಡಿಮೆ, ಏಕೆಂದರೆ ಆಗದೇ ಉಳಿದ ಅನಾಹುತಕ್ಕೆ ಎಫ್‌ಐಆರ್ ಇರುವುದಿಲ್ಲ, ವರದಿಯೂ ಇರುವುದಿಲ್ಲ. ಎರಡೂ ಕಡೆಯವರ ಮನೆಗೆ ಹೋಗಿ, ಎರಡೂ ಕಡೆಯಿಂದ ಬೈಸಿಕೊಂಡು, ಮರುದಿನ ಮತ್ತೆ ಹೋಗುವ ತಾಳ್ಮೆ ಯಾವ ತರಬೇತಿ ಶಾಲೆಯ ಪರೇಡ್ ಮೈದಾನದಲ್ಲೂ ಬರುವುದಿಲ್ಲ.

2005ರಲ್ಲಿ ಅವರು ಪೊಲೀಸ್ ಪಡೆ ಬಿಟ್ಟು ಹೌಸ್ ಆಫ್ ಕಾಮನ್ಸ್‌ನ ಭದ್ರತಾ ಕಾರ್ಯಾಚರಣೆಯ ನಿರ್ದೇಶಕರಾದರು, ಮರುವರ್ಷ ಸಾರ್ಜೆಂಟ್ ಅಟ್ ಆರ್ಮ್ಸ್ ಹುದ್ದೆಗೇರಿದರು. ಇಂಗ್ಲೆಂಡಿನ ಕಾಮನ್ಸ್ ಸಭೆಯಲ್ಲಿ 1415ರಿಂದ ನಡೆದುಬಂದಿರುವ ಈ ಹುದ್ದೆಗೆ ಎರಡು ಮುಖಗಳಿವೆ. ಒಂದು ಸಾಂಪ್ರದಾಯಿಕ ಮುಖ: ಟೋಪಿ ಧರಿಸಿ, ಸೊಂಟಕ್ಕೆ ಖಡ್ಗ ಕಟ್ಟಿ, ಸಭಾಧ್ಯಕ್ಷರ ಅಧಿಕಾರದ ಚಿಹ್ನೆಯಾದ ದಂಡವನ್ನು ಹೆಗಲ ಮೇಲೆ ಹೊತ್ತು, ಪ್ರತಿದಿನ ಕಲಾಪಕ್ಕೆ ಮೊದಲು ಸಭಾಧ್ಯಕ್ಷರ ಮುಂದೆ ನಡೆಯುವುದು. ಆ ದಂಡ ಮೇಜಿನ ಮೇಲೆ ಇರದಿದ್ದರೆ ಸದನ ಸೇರಿದಂತೆಯೇ ಅಲ್ಲ. 1916ರ ಫೆಬ್ರುವರಿ 3ರಂದು ಒಟ್ಟಾವಾದ ಸಂಸತ್ ಭವನಕ್ಕೆ ಬೆಂಕಿ ಬಿದ್ದಾಗ ಹಳೆಯ ದಂಡ ಸುಟ್ಟುಹೋಯಿತು. ಆಗ ತಾತ್ಕಾಲಿಕವಾಗಿ ಬಳಸಿದ ಮರದ ದಂಡವನ್ನು ಇಂದಿಗೂ ಕಾಪಾಡಿಕೊಂಡಿದ್ದು, ಸದನವು ಫೆಬ್ರುವರಿ 3ರಂದು ಸೇರಿದರೆ ಅದನ್ನೇ ಮೇಜಿನ ಮೇಲಿಡುತ್ತಾರೆ. ಇನ್ನೊಂದು ಮುಖ ಆಡಳಿತದ್ದು: ಸದನದ ಆವರಣದ ಭದ್ರತೆ, ಸಿಬ್ಬಂದಿಯ ಮೇಲ್ವಿಚಾರಣೆ, ಪಾಸು, ತಪಾಸಣೆ, ಸಂದರ್ಶಕರ ವ್ಯವಸ್ಥೆ. ನಮ್ಮ ವಿಧಾನಸಭೆಯ ಮಾರ್ಷಲ್ ಹುದ್ದೆ ಇದರ ದೂರದ ಬಂಧು. ಆದರೆ ನಮ್ಮಲ್ಲಿ ಮಾರ್ಷಲ್‌ಗಳು ಸುದ್ದಿಯಾಗುವುದು ಅಮಾನತಾದ ಶಾಸಕರನ್ನು ಎತ್ತಿಕೊಂಡು ಹೊರಗೆ ತರುವಾಗ ಮಾತ್ರ. 2023ರ ಜುಲೈಯಲ್ಲಿಯೂ 2025ರ ಮಾರ್ಚ್‌ನಲ್ಲಿಯೂ ನಾವು ಕಂಡದ್ದು ಅದನ್ನೇ. ಜನಪ್ರತಿನಿಧಿಗಳ ಮೈ ಮುಟ್ಟಬೇಕಾದ, ಆದರೆ ಅವರ ಘನತೆಗೆ ಕುಂದು ತರಬಾರದ ಆ ಕೆಲಸದ ಕಷ್ಟ ಹೊರಗಿನವರಿಗೆ ಸುಲಭವಾಗಿ ಅರ್ಥವಾಗುವುದಿಲ್ಲ.

ಈ ಹುದ್ದೆಯ ಸಂದರ್ಶನದಲ್ಲಿ ಭದ್ರತೆಯ ಪ್ರಶ್ನೆ ಬಂದಾಗ, ತನ್ನನ್ನು ನೇಮಿಸಿದರೆ ಸಂಸತ್ ಕಟ್ಟಡಗಳ ಸುತ್ತ ಗೋಡೆ ಏಳುವುದಿಲ್ಲ ಎಂದು ತಾನು ಹೇಳಿದ್ದಾಗಿ ವಿಕರ್ಸ್ ಮುಂದೆ ಒಂದು ಭಾಷಣದಲ್ಲಿ ತಿಳಿಸಿದರು. ಇದು 2001ರ ಸೆಪ್ಟೆಂಬರ್ ದಾಳಿಯ ನೆನಪು ಹಸಿಯಾಗಿದ್ದ ಕಾಲ. ಎಲ್ಲ ದೇಶಗಳಲ್ಲೂ ಸರ್ಕಾರಿ ಕಟ್ಟಡಗಳ ಮುಂದೆ ಕಾಂಕ್ರೀಟಿನ ತಡೆಗಳು ಏಳುತ್ತಿದ್ದವು, ಭದ್ರತಾ ಅಧಿಕಾರಿಯಾದವನಿಗೆ ಇನ್ನೂ ಒಂದು ತಡೆ ಬೇಕೆಂದು ಕೇಳುವುದೇ ಎಲ್ಲಕ್ಕಿಂತ ಸುರಕ್ಷಿತ ದಾರಿಯಾಗಿತ್ತು. ನಾಳೆ ಏನಾದರೂ ಆದರೆ ‘ನಾನು ಕೇಳಿದ್ದೆ, ಕೊಡಲಿಲ್ಲ’ ಎನ್ನಬಹುದಲ್ಲ. ಆ ದಾರಿ ಹಿಡಿಯದ ಅಧಿಕಾರಿ ತನ್ನ ಹೆಸರನ್ನೇ ಒತ್ತೆಯಿಟ್ಟಂತೆ. ಒಟ್ಟಾವಾದ ಪಾರ್ಲಿಮೆಂಟ್ ಹಿಲ್‌ನ ಹುಲ್ಲುಹಾಸಿನ ಮೇಲೆ ಜನ ಬಂದು ಕೂರುತ್ತಾರೆ, ಪ್ರತಿಭಟನೆ ಮಾಡುತ್ತಾರೆ, ಮಕ್ಕಳು ಓಡಾಡುತ್ತಾರೆ. ಅದು ಹಾಗೆಯೇ ಉಳಿಯಬೇಕೆಂದು ಅವರು ಬಯಸಿದರು.

ಆ ಭಾಷಣದ ಸಂದರ್ಭವೇ ಅವರ ಇನ್ನೊಂದು ತೀರ್ಮಾನಕ್ಕೆ ಸೇರಿದ್ದು. 2011ರ ಜನವರಿಯಲ್ಲಿ ವಿಶ್ವ ಸಿಖ್ ಸಂಘಟನೆಯ ನಾಲ್ವರು ಪ್ರತಿನಿಧಿಗಳು ಒಂದು ಮಸೂದೆಯ ಬಗ್ಗೆ ಅಭಿಪ್ರಾಯ ಮಂಡಿಸಲು ಕ್ವಿಬೆಕ್ ಪ್ರಾಂತ್ಯದ ಶಾಸನಸಭೆಗೆ ಹೋದಾಗ, ಅವರು ಧರ್ಮದ ಚಿಹ್ನೆಯಾಗಿ ಧರಿಸಿದ್ದ ಕಿರುಗತ್ತಿಯ, ಅಂದರೆ ಕಿರ್ಪಾಣದ, ಕಾರಣಕ್ಕೆ ಒಳಗೆ ಬಿಡಲಿಲ್ಲ. ಮರುತಿಂಗಳು ಆ ಸಭೆ ಅವಿರೋಧ ನಿರ್ಣಯದ ಮೂಲಕ ಅದನ್ನು ಖಚಿತಪಡಿಸಿತು. ಅದೇ ನಿಷೇಧ ಒಟ್ಟಾವಾದ ಸಂಸತ್ತಿಗೂ ಬರಲಿ ಎಂಬ ಒತ್ತಾಯ ಎದ್ದಿತು. ವಿಕರ್ಸ್ ಒಪ್ಪಲಿಲ್ಲ, ಸಂಸತ್ತಿನ ಆವರಣದಲ್ಲಿ ಕಿರ್ಪಾಣಕ್ಕೆ ಅವಕಾಶವಿದೆ ಎಂಬ ನಿಲುವಿಗೆ ಅಂಟಿಕೊಂಡರು. ಅದಕ್ಕಾಗಿ ಆ ಸಂಘಟನೆ ಅವರನ್ನು ಗೌರವಿಸಿದಾಗ, ಭದ್ರತೆಯ ಮುಖ್ಯಸ್ಥನಾಗಿಯೇ ತಾನು ಈ ಶ್ರದ್ಧೆಯ ಚಿಹ್ನೆಯನ್ನು ಸ್ವಾಗತಿಸುತ್ತೇನೆ ಎಂಬ ಅರ್ಥದ ಮಾತನ್ನು ಅವರು ಆಡಿದರು.

ಕನ್ನಡಿಗರಿಗೆ ಕಿರ್ಪಾಣ ಹೊಸದೇನಲ್ಲ. ಬೀದರಿನ ಗುರುನಾನಕ್ ಝೀರಾ ಗುರುದ್ವಾರಕ್ಕೆ ಹೋದವರೆಲ್ಲ ಅದನ್ನು ಕಂಡಿರುತ್ತಾರೆ. 1699ರಲ್ಲಿ ಗುರು ಗೋವಿಂದ ಸಿಂಗರು ಖಾಲ್ಸಾ ಸ್ಥಾಪಿಸಿದಾಗ ಮುಂದೆ ಬಂದ ಐವರು ಪ್ರಿಯರಲ್ಲಿ ಒಬ್ಬರಾದ ಭಾಯಿ ಸಾಹಿಬ್ ಸಿಂಗ್ ಬೀದರಿನವರೆಂದು ಸಿಖ್ ಪರಂಪರೆ ಹೇಳುತ್ತದೆ. ಆದರೂ ಬಾಗಿಲಲ್ಲಿ ನಿಂತ ಸಿಬ್ಬಂದಿಯ ದೃಷ್ಟಿಯಿಂದ ನೋಡಿದರೆ ಪ್ರಶ್ನೆ ಸುಲಭದ್ದಲ್ಲ. ಲೋಹಶೋಧಕ ಯಂತ್ರಕ್ಕೆ ಶ್ರದ್ಧೆ ಗೊತ್ತಾಗುವುದಿಲ್ಲ. ‘ಎಲ್ಲರಿಗೂ ಒಂದೇ ನಿಯಮ’ ಎಂದುಬಿಟ್ಟರೆ ಸಿಬ್ಬಂದಿಗೆ ನಿರಾಳ. ವಿಕರ್ಸ್ ಮಾಡಿದ್ದು ಅದಕ್ಕಿಂತ ಕಷ್ಟದ ಕೆಲಸ: ಕಣ್ಣ ಮುಂದಿರುವ ವಸ್ತುವನ್ನಲ್ಲದೆ ಅದನ್ನು ಧರಿಸಿದ ಮನುಷ್ಯನನ್ನು ನೋಡಿ, ಅಪಾಯ ಎಷ್ಟೆಂದು ತೂಗಿ, ಆ ತೂಕದ ಹೊಣೆಯನ್ನು ತಾನೇ ಹೊತ್ತದ್ದು. ಶಾಲೆಯಲ್ಲಿ ಕಿರ್ಪಾಣ ಧರಿಸುವ ಹಕ್ಕನ್ನು ಕೆನಡಾದ ಸುಪ್ರೀಂ ಕೋರ್ಟ್ 2006ರಲ್ಲಿಯೇ ಎತ್ತಿಹಿಡಿದಿತ್ತು ಎಂಬುದು ನಿಜ. ಆದರೆ ಸದನಗಳು ತಮ್ಮ ಆವರಣದ ಮಟ್ಟಿಗೆ ತಾವೇ ನಿಯಮ ಮಾಡಿಕೊಳ್ಳುವ ಅಧಿಕಾರ ಉಳ್ಳವು, ಆದ್ದರಿಂದ ಆ ತೀರ್ಪಿನ ಹಿಂದೆ ಅಡಗಿಕೊಳ್ಳುವ ಅನುಕೂಲ ಅವರಿಗಿರಲಿಲ್ಲ.

ಈಗ ಅಕ್ಟೋಬರ್ 22ರ ವಿಷಯ. ಎರಡು ದಿನದ ಹಿಂದಷ್ಟೇ, 20ರಂದು, ಕ್ವಿಬೆಕ್‌ನ ಸೇಂಟ್ ಜಾನ್ ಸುರ್ ರಿಷಲ್ಯೂ ಎಂಬಲ್ಲಿ ಉಗ್ರವಾದದ ಸೆಳೆತಕ್ಕೆ ಸಿಕ್ಕವನೊಬ್ಬ ಕಾರು ಹಾಯಿಸಿ ಪ್ಯಾಟ್ರಿಸ್ ವಿನ್ಸೆಂಟ್ ಎಂಬ ಸೈನಿಕ ಅಧಿಕಾರಿಯನ್ನು ಕೊಂದಿದ್ದ. 22ರ ಬುಧವಾರ ಬೆಳಿಗ್ಗೆ ಹತ್ತು ಗಂಟೆಗೆ ಸ್ವಲ್ಪ ಮುಂಚೆ ಒಟ್ಟಾವಾದ ರಾಷ್ಟ್ರೀಯ ಯುದ್ಧಸ್ಮಾರಕದ ಬಳಿ ಗೌರವ ಕಾವಲಿಗೆ ನಿಂತಿದ್ದ 24 ವರ್ಷದ ಕಾರ್ಪೊರಲ್ ನೇಥನ್ ಸಿರಿಲ್ಲೊ ಅವರನ್ನು ಬಂದೂಕುಧಾರಿಯೊಬ್ಬ ಹಿಂದಿನಿಂದ ಗುಂಡಿಟ್ಟು ಕೊಂದ. ನಂತರ ಅವನು ಪಾರ್ಲಿಮೆಂಟ್ ಹಿಲ್‌ಗೆ ಬಂದು, ಒಂದು ಕಾರನ್ನು ವಶಪಡಿಸಿಕೊಂಡು, ಮುಖ್ಯ ಕಟ್ಟಡದ ಬಾಗಿಲವರೆಗೂ ನುಗ್ಗಿದ. ಅವನ ಹೆಸರನ್ನು ನಾನು ಇಲ್ಲಿ ಬೇಕೆಂದೇ ಬರೆಯುತ್ತಿಲ್ಲ.

ಬಾಗಿಲಲ್ಲಿ ಅವನನ್ನು ಮೊದಲು ತಡೆದವರು ಸಮರ್ನ್ ಸನ್ ಎಂಬ ಸಂಸತ್ತಿನ ಭದ್ರತಾ ಸಿಬ್ಬಂದಿ. ಅವರ ಕೈಯಲ್ಲಿ ಆಯುಧವಿರಲಿಲ್ಲ. ಬಂದೂಕಿನ ನಳಿಕೆಯನ್ನೇ ಹಿಡಿದು ಕೆಳಕ್ಕೆ ಒತ್ತಿದರು, ಗುಂಡು ಅವರ ಕಾಲಿಗೆ ತಗುಲಿತು. ಕೂಗಿ ಎಲ್ಲರನ್ನೂ ಎಚ್ಚರಿಸಿದ್ದೂ ಅವರೇ. ಬುಧವಾರ ಪಕ್ಷಗಳ ಸಂಸದೀಯ ಸಭೆಗಳ ದಿನ. ಒಳಗಿನ ಹಾಲ್ ಆಫ್ ಆನರ್ ಎಂಬ ಕಲ್ಲಿನ ಪಡಸಾಲೆಯ ಒಂದು ಬದಿಯ ಕೋಣೆಯಲ್ಲಿ ಪ್ರಧಾನಿ ಸ್ಟೀಫನ್ ಹಾರ್ಪರ್ ಸೇರಿದಂತೆ ಆಡಳಿತ ಪಕ್ಷದ ಸಂಸದರಿದ್ದರು, ಎದುರು ಬದಿಯ ಕೋಣೆಯಲ್ಲಿ ವಿರೋಧ ಪಕ್ಷದವರಿದ್ದರು. ನಡುವಿನ ಪಡಸಾಲೆಯಲ್ಲಿ ಬಂದೂಕುಧಾರಿ ಓಡುತ್ತಿದ್ದಾಗ, ಒಳಗಿದ್ದವರು ಕುರ್ಚಿ ಮೇಜುಗಳನ್ನು ಬಾಗಿಲಿಗೆ ಒಡ್ಡಿ ನಿಂತಿದ್ದರು. ಅಲ್ಲೇ ಸಮೀಪದ ತಮ್ಮ ಕಚೇರಿಯಿಂದ ಪಿಸ್ತೂಲು ತೆಗೆದುಕೊಂಡು ಹೊರಬಂದ ವಿಕರ್ಸ್, ಗ್ರಂಥಾಲಯದ ಬಾಗಿಲ ಬಳಿಯ ಗೂಡಿನಂಥ ಜಾಗದಲ್ಲಿ ಅಡಗಿದ್ದ ಅವನಿಂದ ಒಂದು ಕಂಬದಷ್ಟೇ ದೂರದಲ್ಲಿದ್ದರು. ಕಂಬದ ಮರೆಯಿಂದ ನೆಲಕ್ಕೆ ಹಾರಿ ಬೀಳುತ್ತಲೇ ಗುಂಡು ಹಾರಿಸಿದರು. ಅದೇ ಹೊತ್ತಿಗೆ ಎದುರಿನಿಂದ ಮುನ್ನುಗ್ಗಿ ಬಂದ ಮೌಂಟೆಡ್ ಪೊಲೀಸ್ ಕಾನ್‌ಸ್ಟೆಬಲ್ ಕರ್ಟಿಸ್ ಬ್ಯಾರೆಟ್ ಕೂಡ ಗುಂಡು ಹಾರಿಸಿದರು. ದಾಳಿಕೋರ ಅಲ್ಲೇ ಸತ್ತ.

ಮೊದಲ ದಿನಗಳ ಸುದ್ದಿಯಲ್ಲಿ ವಿಕರ್ಸ್ ಒಬ್ಬರೇ ನಾಯಕರಾಗಿ ಕಾಣಿಸಿದರು. ಅವರ ವಯಸ್ಸು, ಆ ಟೋಪಿ, ಆ ಖಡ್ಗ, ಎಲ್ಲವೂ ಕಥೆಗೆ ಒದಗಿಬಂದವು. 2015ರಲ್ಲಿ ಹೊರಬಂದ ತನಿಖಾ ವರದಿಗಳನ್ನು ಓದಿದವರಿಗೆ ಮಾತ್ರ ಬ್ಯಾರೆಟ್ ಮತ್ತು ಅವರ ಜೊತೆಗಾರರ ಪಾಲು ಎಷ್ಟಿತ್ತೆಂದು ತಿಳಿಯಿತು. ಇದರಲ್ಲಿ ವಿಕರ್ಸ್ ಅವರ ತಪ್ಪೇನೂ ಇಲ್ಲ. ಮರುದಿನವೇ ಕೊಟ್ಟ ಹೇಳಿಕೆಯಲ್ಲಿ ಅವರು, ತನ್ನ ಮೇಲೆ ಬಿದ್ದಿರುವ ಗಮನಕ್ಕೆ ಮನಸ್ಸು ತುಂಬಿದೆ, ಆದರೆ ತನ್ನ ಹಿಂದೆ ಒಂದು ಅಸಾಧಾರಣ ಭದ್ರತಾ ತಂಡವಿದೆ ಎಂದಿದ್ದರು. ಅಂದು ಬೆಳಿಗ್ಗೆ ಸದನ ಎಂದಿನಂತೆ ಸೇರಿತು. ದಂಡ ಹೊತ್ತು ಅವರು ಒಳಬಂದಾಗ ಎಲ್ಲ ಪಕ್ಷಗಳ ಸದಸ್ಯರು ಎದ್ದು ನಿಂತು ನಿಮಿಷಗಟ್ಟಲೆ ಚಪ್ಪಾಳೆ ತಟ್ಟಿದರು. ಅವರು ಒಮ್ಮೆ ತಲೆಬಾಗಿ, ಭಾವನೆಯನ್ನು ಕಷ್ಟಪಟ್ಟು ತಡೆಹಿಡಿದು, ತಮ್ಮ ಜಾಗದಲ್ಲಿ ನಿಂತರು. ಆ ದೃಶ್ಯವನ್ನು ನಾನು ಹಲವು ಬಾರಿ ನೋಡಿದ್ದೇನೆ. ಹಿಂದಿನ ದಿನ ಒಬ್ಬ ಮನುಷ್ಯನ ಪ್ರಾಣ ತೆಗೆಯುವುದರಲ್ಲಿ ಪಾಲುದಾರನಾದ ಅಧಿಕಾರಿ ಮರುದಿನ ಸಮವಸ್ತ್ರ ತೊಟ್ಟು ಎಂದಿನ ಕೆಲಸಕ್ಕೆ ಬಂದ ಎಂಬುದರ ಭಾರ ಏನೆಂಬುದು ಆ ಮುಖದಲ್ಲಿದೆ. ನಮ್ಮ ಇಲಾಖೆಗಳಲ್ಲಿ ಇಂಥ ಘಟನೆಯ ನಂತರ ಅಧಿಕಾರಿಯ ಮನಸ್ಸಿನ ಆರೈಕೆಗೆ ಏನೂ ಇರದ ಕಾಲವನ್ನು ಕಂಡ ನನಗೆ ಆ ಮುಖ ಮರೆಯುವಂಥದ್ದಲ್ಲ.

2015ರ ಜನವರಿಯಲ್ಲಿ ಹಾರ್ಪರ್ ಸರ್ಕಾರ ಅವರನ್ನು ಐರ್ಲೆಂಡಿಗೆ ರಾಯಭಾರಿಯಾಗಿ ಕಳಿಸಿತು. ವೃತ್ತಿಪರ ರಾಜತಾಂತ್ರಿಕರನ್ನು ಬಿಟ್ಟು ಹೊರಗಿನವರನ್ನು ನೇಮಿಸುವುದು ಸರಿಯೇ ಎಂಬ ಚರ್ಚೆ ಎಲ್ಲ ದೇಶಗಳಲ್ಲೂ ಇದೆ. ನಿವೃತ್ತ ಐಪಿಎಸ್ ಅಧಿಕಾರಿಗಳು ರಾಜ್ಯಪಾಲರಾಗುವುದನ್ನು ನಾವೂ ನೋಡಿದ್ದೇವೆ: ಎಂ.ಕೆ. ನಾರಾಯಣನ್ ಪಶ್ಚಿಮ ಬಂಗಾಳಕ್ಕೆ ಹೋದರು, ಕಿರಣ್ ಬೇಡಿ ಪುದುಚೇರಿಗೆ ಲೆಫ್ಟಿನೆಂಟ್ ಗವರ್ನರ್ ಆದರು. ಪೊಲೀಸ್ ಸೇವೆಯ ಅನುಭವ ರಾಜತಾಂತ್ರಿಕತೆಗೆ ಅನರ್ಹತೆಯಲ್ಲ ಎಂದೇ ನಾನು ನಂಬಿದ್ದೇನೆ. ಬರ್ನ್ಟ್ ಚರ್ಚ್‌ನಲ್ಲಿ ಎರಡು ಪಕ್ಷಗಳ ನಡುವೆ ಓಡಾಡಿದ್ದಕ್ಕಿಂತ ದೊಡ್ಡ ತರಬೇತಿ ಬೇರೇನು ಬೇಕು? ಆದರೆ ಡಬ್ಲಿನ್‌ನಲ್ಲಿ ನಡೆದ ಒಂದು ಘಟನೆ ಈ ನಂಬಿಕೆಗೆ ಮಿತಿ ಹಾಕುತ್ತದೆ.

2016 ಐರ್ಲೆಂಡಿನ ಈಸ್ಟರ್ ದಂಗೆಯ ಶತಮಾನೋತ್ಸವ ವರ್ಷ. ಬ್ರಿಟಿಷ್ ಆಳ್ವಿಕೆಯ ವಿರುದ್ಧ ಎದ್ದವರನ್ನು ಸ್ಮರಿಸಿದ ಆ ದೇಶ, ಆ ಕಾದಾಟದಲ್ಲಿ ಸತ್ತ ಬ್ರಿಟಿಷ್ ಸೈನ್ಯದ ನೂರಕ್ಕೂ ಹೆಚ್ಚು ಸೈನಿಕರಿಗೂ ಮೇ 26ರಂದು ಗ್ರೇಂಜ್‌ಗಾರ್ಮನ್ ಸೈನಿಕ ಸ್ಮಶಾನದಲ್ಲಿ ಗೌರವ ಸಲ್ಲಿಸಿತು. ಆ ಸೈನಿಕರಲ್ಲಿ ಐರಿಷರೂ ಇದ್ದರು. ಅದು ಎಷ್ಟು ಧೈರ್ಯದ ಕಾರ್ಯಕ್ರಮವೋ ಅಷ್ಟೇ ವಿವಾದದ್ದೂ ಆಗಿತ್ತು. ಸಮಾರಂಭದ ನಡುವೆ ಪ್ರತಿಭಟನಾಕಾರನೊಬ್ಬ ಇದು ಅವಮಾನವೆಂದು ಕೂಗುತ್ತಾ ಮುಂದೆ ಬಂದ. ಅತಿಥಿಗಳ ಸಾಲಿನಲ್ಲಿದ್ದ ಕೆನಡಾದ ರಾಯಭಾರಿ ಧಾವಿಸಿ ಅವನ ಬಟ್ಟೆ ಹಿಡಿದು ಎಳೆದೊಯ್ದರು. ಆ ದೃಶ್ಯ ಜಗತ್ತಿನಾದ್ಯಂತ ಹರಡಿತು, ಬಹಳ ಜನ ಮೆಚ್ಚಿಕೊಂಡರು.

ನನಗೆ ಮೆಚ್ಚಲಾಗಲಿಲ್ಲ. ಆ ದೇಹ ಏಕೆ ಮುಂದೆ ಹೋಯಿತೆಂಬುದು ನನಗೆ ಚೆನ್ನಾಗಿ ಅರ್ಥವಾಗುತ್ತದೆ; ನಿವೃತ್ತಿಯಾದ ಮೇಲೂ ಜಾತ್ರೆಯಲ್ಲಿ ಗದ್ದಲ ಕೇಳಿದರೆ ನನ್ನ ಕಾಲು ತಾನಾಗಿ ಆ ಕಡೆ ತಿರುಗುತ್ತದೆ. ಒಂದೂವರೆ ವರ್ಷದ ಹಿಂದೆ ಅಷ್ಟು ಹತ್ತಿರದಿಂದ ಸಾವನ್ನು ಕಂಡವರಿಗೆ ಹಠಾತ್ತನೆ ಮುಂದೆ ಬರುವ ಮನುಷ್ಯ ಬೇರೆಯೇ ಆಗಿ ಕಾಣುತ್ತಾನೆ ಎಂಬುದನ್ನೂ ಬಲ್ಲೆ. ಆದರೆ ಅವನ ಕೈಯಲ್ಲಿ ಆಯುಧವಿರಲಿಲ್ಲ, ಅಲ್ಲಿ ಐರ್ಲೆಂಡಿನ ಪೊಲೀಸರಿದ್ದರು, ಅವನ ಕೂಗು ಆ ದೇಶದ ನೂರು ವರ್ಷದ ಒಳಜಗಳಕ್ಕೆ ಸೇರಿದ್ದಾಗಿತ್ತು. ಬೇರೆ ದೇಶದ ನೆಲದಲ್ಲಿ ಅಲ್ಲಿನ ಪ್ರಜೆಯ ಮೈಮೇಲೆ ಕೈ ಹಾಕುವ ಅಧಿಕಾರ ರಾಯಭಾರಿಗಿಲ್ಲ. ಕ್ವಿಬೆಕ್‌ನ ವಿವಾದದಲ್ಲಿ ಅಪಾಯವನ್ನು ಅಷ್ಟು ಸಮಾಧಾನದಿಂದ ತೂಗಿದ್ದ ಅದೇ ಅಧಿಕಾರಿಗೆ ಅಂದು ತೂಗುವಷ್ಟು ವೇಳೆ ಸಿಗಲಿಲ್ಲ. ಜನ ಅವರನ್ನು ಅಕ್ಟೋಬರ್ 22ರ ಮನುಷ್ಯನೆಂದೇ ನೋಡುತ್ತಿದ್ದರು. ಸ್ಮಶಾನದ ಆ ಕ್ಷಣದಲ್ಲಿ ಅವರೂ ಹಾಗೆಯೇ ನಡೆದುಕೊಂಡರು.

2019ರಲ್ಲಿ ರಾಯಭಾರ ಬಿಟ್ಟು ತವರಿಗೆ ಮರಳಿದ ಅವರು ನ್ಯೂ ಬ್ರನ್ಸ್‌ವಿಕ್‌ನ ಲಿಬರಲ್ ಪಕ್ಷದ ನಾಯಕರಾಗಿ ಅವಿರೋಧವಾಗಿ ಆಯ್ಕೆಯಾದರು. 2020ರ ಸೆಪ್ಟೆಂಬರ್ 14ರ ಚುನಾವಣೆಯಲ್ಲಿ 49 ಸ್ಥಾನಗಳ ಪೈಕಿ ಪಕ್ಷಕ್ಕೆ ದಕ್ಕಿದ್ದು 17. ಮಿರಮಿಶಿಯಲ್ಲಿ ಅವರೇ ಸೋತರು, ಅದೇ ರಾತ್ರಿ ನಾಯಕತ್ವ ಬಿಟ್ಟರು. ಎರಡು ಅಧಿಕೃತ ಭಾಷೆಗಳ ಆ ಪ್ರಾಂತ್ಯದಲ್ಲಿ ಅವರ ಫ್ರೆಂಚ್ ಸಾಲದೆಂಬ ದೂರೂ ಇತ್ತು. ಈ ಅಧ್ಯಾಯದ ಬಗ್ಗೆ ಹೆಚ್ಚು ಹೇಳುವುದೇನೂ ಇಲ್ಲ.

ಹೇಳಬೇಕಾದದ್ದು ಅವರು ಬಿಟ್ಟುಹೋದ ಹುದ್ದೆಯ ಬಗ್ಗೆ. 2014ರವರೆಗೆ ಒಟ್ಟಾವಾದಲ್ಲಿ ಕಾಮನ್ಸ್ ಸಭೆಗೆ ಒಂದು ಭದ್ರತಾ ಪಡೆ, ಮೇಲ್ಮನೆಯಾದ ಸೆನೆಟ್‌ಗೆ ಇನ್ನೊಂದು, ಕಟ್ಟಡದ ಹೊರಗಿನ ಆವರಣಕ್ಕೆ ಮೌಂಟೆಡ್ ಪೊಲೀಸ್ ಎಂಬ ವ್ಯವಸ್ಥೆಯಿತ್ತು. ಹೊಂದಾಣಿಕೆಯ ಕೊರತೆ ಮೊದಲೇ ಗೊತ್ತಿತ್ತು, ದಾಳಿಯಲ್ಲಿ ಅದು ಎಲ್ಲರಿಗೂ ಕಂಡಿತು. 2015ರ ಜೂನ್‌ನಲ್ಲಿ ಇವೆಲ್ಲವನ್ನೂ ಒಂದುಗೂಡಿಸಿ ಸಂಸದೀಯ ರಕ್ಷಣಾ ಸೇವೆಯನ್ನು ಸ್ಥಾಪಿಸಲಾಯಿತು. ಅದರ ಕಾರ್ಯಾಚರಣೆಯ ಮುಂದಾಳತ್ವ ಮೌಂಟೆಡ್ ಪೊಲೀಸ್‌ಗೆ ಹೋಯಿತು. ಸಾರ್ಜೆಂಟ್ ಅಟ್ ಆರ್ಮ್ಸ್‌ನ ಕೈಯಲ್ಲಿದ್ದ ಭದ್ರತೆಯ ಬಹುಪಾಲು ಹೊಣೆ ಹೀಗೆ ಕೈಬದಲಾಯಿತು. ಸರ್ಕಾರದ ಅಧೀನದ ಪೊಲೀಸರು ಶಾಸಕಾಂಗದ ಬಾಗಿಲು ಕಾಯುವುದು ಸರಿಯೇ ಎಂದು ಅಲ್ಲಿನ ವಿರೋಧ ಪಕ್ಷಗಳು ಆಗಲೇ ಪ್ರಶ್ನಿಸಿದ್ದವು.

ಇದೇ ಪ್ರಶ್ನೆಯನ್ನು ನಮ್ಮಲ್ಲಿ ವಿಠಲಭಾಯಿ ಪಟೇಲರು 1929ರಲ್ಲಿಯೇ ಎತ್ತಿದ್ದರು. ಆ ವರ್ಷ ಏಪ್ರಿಲ್ 8ರಂದು ಭಗತ್ ಸಿಂಗ್ ಮತ್ತು ಬಟುಕೇಶ್ವರ ದತ್ತ ಕೇಂದ್ರ ಶಾಸನಸಭೆಯಲ್ಲಿ ಬಾಂಬು ಎಸೆದ ನಂತರ ಬ್ರಿಟಿಷ್ ಸರ್ಕಾರ ತನ್ನ ಪೊಲೀಸರನ್ನು ಸದನದ ಒಳಗೂ ಇರಿಸಲು ಮುಂದಾದಾಗ, ಸಭಾಧ್ಯಕ್ಷರಾಗಿದ್ದ ಪಟೇಲರು ಒಪ್ಪದೆ, ಸದನದ ಸ್ವಂತ ಕಾವಲು ಸಿಬ್ಬಂದಿಯನ್ನು ಪಡೆದರು. ಅದೇ ವಾಚ್ ಅಂಡ್ ವಾರ್ಡ್. 2001ರ ಡಿಸೆಂಬರ್ 13ರಂದು ದೆಹಲಿಯ ಸಂಸತ್ತಿನ ಮೇಲೆ ಐವರು ಉಗ್ರರು ದಾಳಿ ಮಾಡಿದಾಗ ಆ ಸೇವೆಯ ಜಗದೀಶ್ ಪ್ರಸಾದ್ ಯಾದವ್ ಮತ್ತು ಮಾತಬರ್ ಸಿಂಗ್ ನೇಗಿ, ಸಮರ್ನ್ ಸನ್‌ರಂತೆ ಬರಿಗೈಯಲ್ಲಿ, ಎಚ್ಚರಿಸುತ್ತಾ ಬಾಗಿಲು ಮುಚ್ಚಿಸುತ್ತಾ ಪ್ರಾಣ ಕೊಟ್ಟರು. ಸಿಆರ್‌ಪಿಎಫ್‌ನ ಕಾನ್‌ಸ್ಟೆಬಲ್ ಕಮಲೇಶ್ ಕುಮಾರಿ ಅವರ ಬಳಿಯೂ ಆಯುಧವಿರಲಿಲ್ಲ. ಮೂವರಿಗೂ ಮರಣೋತ್ತರ ಅಶೋಕ ಚಕ್ರ ಬಂತು.

2023ರ ಡಿಸೆಂಬರ್ 13ರಂದು ಪ್ರೇಕ್ಷಕರ ಗ್ಯಾಲರಿಯಿಂದ ಇಬ್ಬರು ಲೋಕಸಭೆಯೊಳಗೆ ಧುಮುಕಿ ಬಣ್ಣದ ಹೊಗೆ ಹರಡಿದರು. ಅವರಲ್ಲೊಬ್ಬ ಮೈಸೂರಿನವನು, ಪಾಸು ದೊರೆತದ್ದೂ ನಮ್ಮ ಮೈಸೂರು ಕೊಡಗು ಕ್ಷೇತ್ರದ ಆಗಿನ ಸಂಸದ ಪ್ರತಾಪ ಸಿಂಹ ಅವರ ಶಿಫಾರಸಿನ ಮೇಲೆ. ಅದರ ಪರಿಣಾಮವಾಗಿ 2024ರ ಮೇ 20ರಿಂದ ಕೇಂದ್ರ ಗೃಹ ಇಲಾಖೆಯ ಅಧೀನದ ಸಿಐಎಸ್‌ಎಫ್‌ನ 3,300ಕ್ಕೂ ಹೆಚ್ಚು ಸಿಬ್ಬಂದಿ ಸಂಸತ್ತಿನ ಭದ್ರತೆ ವಹಿಸಿಕೊಂಡರು. ಒಟ್ಟಾವಾದಲ್ಲಿ ಆದದ್ದೇ ದೆಹಲಿಯಲ್ಲೂ ಆಯಿತು. ಆಯುಧ, ಸಂಖ್ಯೆ, ತರಬೇತಿ ಇವೆಲ್ಲ ಹೆಚ್ಚಿದವು ಎಂಬುದರಲ್ಲಿ ಅನುಮಾನವಿಲ್ಲ, ಸಿಐಎಸ್‌ಎಫ್‌ನ ಸಾಮರ್ಥ್ಯವನ್ನು ಹತ್ತಿರದಿಂದ ಬಲ್ಲವನಾಗಿ ಅದನ್ನು ಒಪ್ಪುತ್ತೇನೆ. ಆದರೆ ಬಾಗಿಲಲ್ಲಿ ನಿಂತವನು ಸಭಾಧ್ಯಕ್ಷರಿಗೆ ಉತ್ತರ ಹೇಳಬೇಕೋ ಗೃಹ ಸಚಿವರಿಗೋ ಎಂಬುದು ಆಯುಧದಷ್ಟೇ ಮುಖ್ಯವಾದ ವಿಷಯ. ಕ್ವಿಬೆಕ್‌ನಂಥ ಒತ್ತಡ ಬಂದಾಗ ವಿಕರ್ಸ್ ಕಿರ್ಪಾಣ ಧರಿಸಿದವರನ್ನು ಒಳಗೆ ಬಿಟ್ಟದ್ದು ಸದನದ ಅಧಿಕಾರಿಯಾಗಿ. ಸರ್ಕಾರದ ಸುತ್ತೋಲೆಗೆ ಕಾಯುವ ಅಧಿಕಾರಿಗೆ ಆ ತೀರ್ಮಾನ ಸಾಧ್ಯವಿತ್ತೇ ಎಂದು ನನಗೆ ಅನುಮಾನ. ನಮ್ಮ ವಿಧಾನಸೌಧದ ಮಾರ್ಷಲ್‌ಗಳಿಗೂ ಒಳ್ಳೆಯ ತರಬೇತಿ, ಸರಿಯಾದ ಸಿಬ್ಬಂದಿ ಬಲ, ಪಾಸುಗಳ ಮೇಲೆ ನಿಜವಾದ ಅಧಿಕಾರ ಕೊಡಬೇಕು, ಮತ್ತು ಅವರು ಸಭಾಧ್ಯಕ್ಷರ ಅಧೀನದಲ್ಲಿಯೇ ಉಳಿಯಬೇಕು. ಇನ್ನೊಂದು ಅವಘಡವಾದ ಮೇಲೆ ತರಾತುರಿಯಲ್ಲಿ ಮಾಡುವುದಕ್ಕಿಂತ, ಶಾಂತವಾಗಿರುವ ಈಗಲೇ ಸದನ ಇದನ್ನು ಚರ್ಚೆಗೆ ತೆಗೆದುಕೊಳ್ಳಬೇಕೆಂದು ಕೋರುತ್ತೇನೆ.